ಅಗಲದಲ್ಲಿ ಸೋಲುವ ಹೆಣ್ಣಿಗೆ ಯಾವ ಬೀಜದ ಕುದುರೆ? ಶೋ ಜಂಪಿಂಗ್ ತಳಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕುದುರೆ ಸವಾರಿ ಕ್ರೀಡೆಗೆಂದೇ ಬೆಳೆಸುವ ಬಗೆಯದು, 12 ವರ್ಷದ ವಾರ್ಮ್‌ಬ್ಲಡ್ ಹೆಣ್ಣು. ಭುಜದ ಬಳಿ 163 ಸೆಂ.ಮೀ. ಎತ್ತರ. ಶೋ ಜಂಪಿಂಗ್‌ನಲ್ಲಿ, ಅಂದರೆ ಕೋಲು ಬೀಳಿಸದೆ ತಡೆ ಜಿಗಿಯುವ ಸ್ಪರ್ಧೆಯಲ್ಲಿ, ತಡೆ 1.35 ಮೀಟರ್ ಎತ್ತರವಿರುವ ತರಗತಿಯಲ್ಲಿ ನಾಲ್ಕು ಋತು ಜಿಗಿದಿದೆ, 1.40ರಲ್ಲಿ ಅಪರೂಪಕ್ಕೆ. ಎಡ ಮುಂಗಾಲಿನಲ್ಲಿ ಗೆಣ್ಣನ್ನು ಎತ್ತಿಹಿಡಿಯುವ ಸಸ್ಪೆನ್ಸರಿ ಲಿಗಮೆಂಟ್‌ಗೆ ಪೆಟ್ಟಾಗಿ ಸ್ಪರ್ಧೆ ನಿಂತಿತು. ಇದುವರೆಗೆ ಒಂದೂ ಮರಿ ಹಾಕಿಲ್ಲ. ಮಾಲೀಕರು ಹವ್ಯಾಸಿ ಸವಾರರು. ಮರಿಯನ್ನು ಮಾರುವ ಉದ್ದೇಶ ಅವರಿಗಿಲ್ಲ, ಸಾಕಿ ಬೆಳೆಸಿ ಮುಂದೆ 1.30–1.40ರ ಸ್ಪರ್ಧೆಗಳಲ್ಲಿ ತಾವೇ ಸವಾರಿ ಮಾಡಬೇಕು. ಸಲಹೆಗೆ ಬರುವಾಗಲೇ ಒಂದು ಹೆಸರನ್ನು ಗಟ್ಟಿಮಾಡಿಕೊಂಡಿದ್ದರು: 1.60 ಮೀಟರ್ ಗ್ರ್ಯಾನ್ ಪ್ರಿ ಗೆದ್ದ, ಎಲ್ಲರ ಬಾಯಲ್ಲೂ ಇದ್ದ ಒಂದು ಎಳೆಯ ಸ್ಟ್ಯಾಲಿಯನ್ (ಬೀಜದ ಕುದುರೆ). ಕೊನೆಗೆ ಆಯ್ಕೆಯಾದದ್ದು ಅದಲ್ಲ.

ಮೊದಲು ಎದುರಾದದ್ದು ಬೀಜದ ಕುದುರೆಯ ಪ್ರಶ್ನೆಯಲ್ಲ, ಈ ಹೆಣ್ಣಿನಿಂದ ಮರಿ ಪಡೆಯಬಹುದೇ ಎಂಬ ಪ್ರಶ್ನೆ. ಕುಂಟಿ ನಿವೃತ್ತಿಯಾದ ಹೆಣ್ಣನ್ನು 'ಹೇಗೂ ಕೆಲಸವಿಲ್ಲ, ಮರಿಯಾದರೂ ಹಾಕಲಿ' ಎಂದು ಗಬ್ಬ ಕಟ್ಟಿಸುವುದು ಈ ಕಸುಬಿನ ಹಳೆಯ ದುರಭ್ಯಾಸ. ಇಲ್ಲಿ ನೋಡಿದ್ದು ಮೂರು ಸಂಗತಿ. ಪೆಟ್ಟು ಒಂದೇ ಕಾಲಿಗೆ ಆಗಿತ್ತು, ಅದೂ ಕೆಸರಿನ ಆಳ ನೆಲದಲ್ಲಿ ಒಂದು ತಪ್ಪು ಹೆಜ್ಜೆಯ ನಂತರ. ಉಳಿದ ಮೂರು ಕಾಲುಗಳ ಅಲ್ಟ್ರಾಸೌಂಡ್ ಸ್ವಚ್ಛವಾಗಿತ್ತು. ಅದರ ತಾಯಿ 17ನೇ ವರ್ಷದವರೆಗೆ ಕುಂಟದೆ ಜಿಗಿದಿತ್ತು. ಎರಡೂ ಹಿಂಗಾಲಿನ ಸಸ್ಪೆನ್ಸರಿ ಹೋಗಿದ್ದು, ಹಿಂಗಾಲಿನ ನಡುವಿನ ಹಾಕ್ ಕೀಲು ನೆಟ್ಟಗಿದ್ದು, ಗೆಣ್ಣು ಕೆಳಕ್ಕೆ ಇಳಿದಿದ್ದರೆ ಉತ್ತರ 'ಬೇಡ' ಎಂದೇ ಆಗುತ್ತಿತ್ತು. ಅಂಥ ಕಾಲಿನ ರಚನೆ ಮರಿಗೂ ಇಳಿಯುತ್ತದೆ, ಎಷ್ಟೇ ಒಳ್ಳೆಯ ಬೀಜದ ಕುದುರೆ ತಂದರೂ ಅದನ್ನು ಮುಚ್ಚಿಹಾಕಲಾಗದು.

ಬಿದ್ದ ಕೋಲುಗಳ ಲೆಕ್ಕ

'ನನ್ನ ಕುದುರೆ ತುಂಬ ಎಚ್ಚರದ್ದು, ಸ್ಕೋಪ್ ಸ್ವಲ್ಪ ಕಡಿಮೆ' ಎಂದು ಮಾಲೀಕರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಲಿಲ್ಲ. (ಎಚ್ಚರ ಎಂದರೆ ಕೋಲು ತಗುಲಿಸದ ಜಾಗರೂಕತೆ, ಸ್ಕೋಪ್ ಎಂದರೆ ಎತ್ತರ-ಅಗಲ ದಾಟುವ ಸಾಮರ್ಥ್ಯ.) 31 ಸುತ್ತುಗಳ ವಿಡಿಯೋ ತರಿಸಿಕೊಂಡು, ಬಿದ್ದ ಪ್ರತಿ ಕೋಲು ಯಾವ ತಡೆಯದು, ಯಾವ ಕಾಲಿಗೆ ತಗುಲಿತು ಎಂದು ಗುರುತು ಹಾಕಲಾಯಿತು. ಒಟ್ಟು 22 ಕೋಲು. ಅದರಲ್ಲಿ 15, ಮುಂದೆ ಹಿಂದೆ ಎರಡು ಸಾಲು ಕೋಲಿರುವ ಅಗಲದ ತಡೆಯಾದ ಆಕ್ಸರ್‌ನ ಹಿಂದಿನ ಸಾಲಿನವು, ಹೆಚ್ಚಿನವು ಒಂದೆರಡು ದಾಪಿನ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ ತಡೆಗಳ ಗುಂಪಾದ ಕಾಂಬಿನೇಷನ್‌ನ ಕೊನೆಯ ತಡೆಯಲ್ಲಿ. ನೇರ ತಡೆಗಳಲ್ಲಿ ಮುಂಗಾಲಿಗೆ ತಗುಲಿ ಬಿದ್ದದ್ದು ಎರಡೇ.

ಕ್ಯಾಂಟರ್ (ಹದವಾದ ಓಟ) ನೋಡಿದಾಗ ಕಾರಣವೂ ಕಂಡಿತು. ಅಂಕಣ ವಿನ್ಯಾಸ ಮಾಡುವವರು ಒಂದು ದಾಪಿಗೆ ಸುಮಾರು 3.6 ಮೀಟರ್ ಹಿಡಿಯುತ್ತಾರೆ. ಈ ಹೆಣ್ಣಿನ ಸಹಜ ದಾಪು ಅದಕ್ಕಿಂತ ಸ್ಪಷ್ಟವಾಗಿ ಗಿಡ್ಡ. ಒಂದು ದಾಪಿನ ಕಾಂಬಿನೇಷನ್‌ನಲ್ಲಿ ಅದು ಕೊನೆಯ ಆಕ್ಸರ್‌ನಿಂದ ದೂರದಲ್ಲೇ ಉಳಿದು, ಅಲ್ಲಿಂದಲೇ ನೆಗೆಯಬೇಕಾಗುತ್ತದೆ. ನೆಗೆದ ಮೇಲೆ ಎರಡನೇ ತೊಂದರೆ. ಹಿಂಗಾಲುಗಳು ಹಿಂದಕ್ಕೆ ಬಿಚ್ಚಿಕೊಳ್ಳದೆ ಹೊಟ್ಟೆಯ ಕೆಳಗೇ ಮಡಚಿ ಉಳಿಯುತ್ತವೆ. ಎತ್ತರ ಸಾಲುತ್ತದೆ, ಅಗಲ ಸಾಲುವುದಿಲ್ಲ. ಮುಂಭಾಗವೋ ನೋಡಲು ಚೆಂದ: ಮುಂದೋಳು ನೆಲಕ್ಕೆ ಸಮಾನಾಂತರಕ್ಕಿಂತ ಮೇಲೆ, ಎರಡೂ ಮಂಡಿ ಜೊತೆಜೊತೆಗೆ, ಗೊರಸು ಮೊಳಕೈಗೆ ಅಂಟಿದಂತೆ.

ಇದು ಹುಟ್ಟುಗುಣವೋ, ನೋವಿನಿಂದ ಬಂದದ್ದೋ ಎಂಬುದನ್ನೂ ಬಿಡಿಸಬೇಕಿತ್ತು. ಬೆನ್ನಿನ ಎಲುಬುಗಳು ಒಂದಕ್ಕೊಂದು ಉಜ್ಜುವ ಕುದುರೆಯೂ ಹಿಂಗಾಲು ಬಿಚ್ಚುವುದಿಲ್ಲ. ಎಕ್ಸ್‌ರೇ ತೆಗೆಸಿದಾಗ ಬೆನ್ನು ಚೆನ್ನಾಗಿತ್ತು. ಆಮೇಲೆ ಈ ಹೆಣ್ಣಿನ ತಾಯಿಯ ಇನ್ನೆರಡು ಮಕ್ಕಳ ವಿಡಿಯೋ ಹುಡುಕಲಾಯಿತು. ಅಪ್ಪ ಬೇರೆಬೇರೆ, ಆದರೂ ಎರಡಕ್ಕೂ ಅದೇ ಗಿಡ್ಡ ದಾಪು, ಅದೇ ಚುರುಕು ಮುಂಗಾಲು. ಹಾಗಿದ್ದರೆ ಎರಡೂ ಗುಣ ತಾಯಿಯ ಕಡೆಯಿಂದ ಗಟ್ಟಿಯಾಗಿ ಇಳಿಯುತ್ತಿವೆ. ಆಯ್ಕೆಯ ಉದ್ದಕ್ಕೂ ಹೆಚ್ಚು ಕೆಲಸಕ್ಕೆ ಬಂದ ಮಾಹಿತಿ ಇದೇ. ಹೆಣ್ಣಿನ ಸ್ವಂತ ಸಾಧನೆಗಿಂತ ಅದರ ಒಡಹುಟ್ಟಿದವು ಹೇಗಿವೆ ಎಂಬುದು ಅದು ಮರಿಗೆ ಏನು ಕೊಡುತ್ತದೆ ಎನ್ನುವುದನ್ನು ಚೆನ್ನಾಗಿ ಹೇಳುತ್ತದೆ.

ಉಳಿದ ಟಿಪ್ಪಣಿ ಚಿಕ್ಕದು. ಸೊಂಟ ಸ್ವಲ್ಪ ಉದ್ದ. ಎಡ ಮುಂಗಾಲಿನ ಗೊರಸು ತುಸು ಹೊರಕ್ಕೆ ತಿರುಗಿದೆ. ಸ್ವಭಾವ ಬಿಸಿ. ತಡೆ ಕಂಡರೆ ಎಳೆಯುತ್ತದೆ, ಆದರೆ ಯಾವತ್ತೂ ನಿಂತುಬಿಟ್ಟದ್ದಿಲ್ಲ.

ಒಂದೇ ದೋಷ ತಿದ್ದುವುದು

ಮಾಲೀಕರ ಬೇಡಿಕೆಯ ಪಟ್ಟಿಯಲ್ಲಿ ಎತ್ತರ, ಸ್ಕೋಪ್, ಶಾಂತ ಸ್ವಭಾವ, ಉದ್ದ ದಾಪು, ನೇರ ಕಾಲು, ಕಪ್ಪು ಬಣ್ಣ ಎಲ್ಲವೂ ಇದ್ದವು. ಬಣ್ಣವನ್ನು ಮೊದಲೇ ಹೊಡೆದುಹಾಕಲಾಯಿತು. ಪ್ರತಿ ಷರತ್ತೂ ಆಯ್ಕೆಯ ಬುಟ್ಟಿಯನ್ನು ಕಿರಿದು ಮಾಡುತ್ತದೆ, ಬಣ್ಣಕ್ಕಾಗಿ ಹಿಂಗಾಲನ್ನು ಬಿಟ್ಟುಕೊಡುವುದು ಬೇಡ. ಉಳಿದವುಗಳಲ್ಲಿ ತಿದ್ದಲೇಬೇಕಾದದ್ದು ಒಂದು: ದಾಪು ಮತ್ತು ಹಿಂಭಾಗ. ಇವೆರಡೂ ಒಂದೇ ದೋಷದ ಎರಡು ಮುಖ. ಹದಗೆಡಿಸಬಾರದವು ಎರಡು: ಮುಂಗಾಲಿನ ದಿಕ್ಕು ಮತ್ತು ಸವಾರನ ಮಾತು ಕೇಳುವ ಗುಣ.

ಗಿಡ್ಡ ದಾಪಿನ ಹೆಣ್ಣಿಗೆ ಅತಿ ಉದ್ದ ದಾಪಿನ ಗಂಡು ಕೂಡಿಸಿದರೆ ಮರಿ ನಡುವೆ ನಿಲ್ಲುತ್ತದೆ ಎಂದುಕೊಳ್ಳುವವರು ಬಹಳ. ಹಾಲಿಗೆ ನೀರು ಬೆರೆಸಿದ ಹಾಗೆ ತಳಿ ಬೆರೆಯುವುದಿಲ್ಲ. ಒಂದು ಮರಿಗೆ ತಾಯಿಯ ಮುಂಭಾಗ, ತಂದೆಯ ಹಿಂಭಾಗ ಬಂದು ಎರಡೂ ಒಂದಕ್ಕೊಂದು ಹೊಂದದೆ ಹೋಗಬಹುದು. ಹಾಗಾಗಿ ಹುಡುಕಬೇಕಾದದ್ದು ಇನ್ನೊಂದು ಕೊನೆಯ ಅತಿರೇಕವನ್ನಲ್ಲ, ಆ ಗುಣದಲ್ಲಿ ಸರಿಯಾಗಿದ್ದು ಅದನ್ನೇ ಮತ್ತೆ ಮತ್ತೆ ಮರಿಗಳಿಗೆ ಕೊಟ್ಟ ಗಂಡನ್ನು. ದೊಡ್ಡ ಮಟ್ಟದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಜರ್ಮನಿಯ ಹೋಲ್‌ಸ್ಟೈನ್ ಕುದುರೆ ತಳಿ. ಕಸುವು ಅಲ್ಲಿನ ಹೆಣ್ಣುಗಳಲ್ಲಿ ಮೊದಲೇ ಇತ್ತು. 1968ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಕೋರ್ ಡ ಲಾ ಬ್ರಿಯೇರ್ ಎಂಬ ಗಂಡು ಅವಕ್ಕೆ ತಂದದ್ದು ಮುಂಗಾಲಿನ ಚುರುಕು, ಬೆನ್ನು ಬಾಗಿಸಿ ಜಿಗಿಯುವ ಬಗೆ. ಇಲ್ಲದ್ದನ್ನು ತಂದದ್ದರಿಂದಲೇ ಅದು ತಳಿಯ ಬುನಾದಿಯಾಯಿತು.

ಕ್ಯಾಟಲಾಗ್ ತೆರೆಯುವ ಮುನ್ನ ಗರ್ಭಕೋಶ

ಇಲ್ಲಿ ಹೆಚ್ಚಿನವರು ಕ್ರಮ ತಪ್ಪುತ್ತಾರೆ. ಸ್ಟ್ಯಾಲಿಯನ್ ಆರಿಸಿ, ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ಪಶುವೈದ್ಯರನ್ನು ಕರೆಯುತ್ತಾರೆ. ಆದರೆ ಯಾವ ಬಗೆಯ ವೀರ್ಯ ಬಳಸಬಹುದು ಎನ್ನುವುದನ್ನು ತೀರ್ಮಾನಿಸುವುದು ಹೆಣ್ಣಿನ ಗರ್ಭಕೋಶ.

ಈ ಹೆಣ್ಣಿನ ಸ್ವ್ಯಾಬ್ ಕಲ್ಚರ್ ಸ್ವಚ್ಛ. ಬಯಾಪ್ಸಿ, ಗರ್ಭಕೋಶದ ಒಳಪದರದ ಸ್ಥಿತಿ ಅಳೆಯುವ ಕೆನ್ನಿ–ಡಾಯ್ಗ್ ವರ್ಗೀಕರಣದಲ್ಲಿ 2ಎ. ಈ ವರ್ಗದಲ್ಲಿ ಒಳ್ಳೆಯ ನಿಗಾ ಇದ್ದರೆ ಮರಿ ದಕ್ಕುವ ಸಾಧ್ಯತೆಯನ್ನು 50–80 ಶೇಕಡ ಎಂದು ಹಿಡಿಯುತ್ತಾರೆ. ಸ್ವಚ್ಛವಾದ 1ನೇ ವರ್ಗದಲ್ಲಿ ಅದು 80–90. ವಯಸ್ಸಾದ ಚೊಚ್ಚಲ ಹೆಣ್ಣುಗಳ ಮಾಮೂಲಿ ತೊಂದರೆ ಇದರಲ್ಲೂ ಇತ್ತು: ಗರ್ಭಕೋಶದ ಕೊರಳು ಬಿಗಿ, ಬೆದೆಯಲ್ಲೂ ಪೂರ್ತಿ ಸಡಿಲುವುದಿಲ್ಲ. ವೀರ್ಯ ಬಿಟ್ಟ ನಂತರ ಒಳಗಾಗುವ ಸಹಜ ಉರಿಯೂತದ ನೀರು ಹೊರಬಾರದೆ ನಿಂತುಬಿಡುತ್ತದೆ. ಆದ್ದರಿಂದ ಮೊದಲ ಆಯ್ಕೆ ಶೈತ್ಯೀಕರಿಸಿದ, ಅಂದರೆ 5 ಡಿಗ್ರಿಯಲ್ಲಿ ಸಾಗಿಸುವ ವೀರ್ಯ. ಹೆಪ್ಪುಗಟ್ಟಿಸಿದ ವೀರ್ಯ ಕರಗಿಸಿದ ಮೇಲೆ ಹೆಣ್ಣಿನೊಳಗೆ ಬದುಕುವುದು ಸುಮಾರು 12 ಗಂಟೆ. ಅಂಡ ಹೊರಬೀಳುವ ಹೊತ್ತಿಗೆ ಸರಿಯಾಗಿ ಬಿಡಬೇಕು, ಇಂಥ ಗರ್ಭಕೋಶದಲ್ಲಿ ಉರಿಯೂತವೂ ಹೆಚ್ಚು ಕೆರಳಬಹುದು.

ಕೂದಲಿನ ಬುಡದ ಮಾದರಿಯಿಂದ ಎರಡು ಆನುವಂಶಿಕ ಪರೀಕ್ಷೆ ಮಾಡಿಸಲಾಯಿತು. ಸ್ನಾಯು ರೋಗ ಪಿಎಸ್‌ಎಸ್‌ಎಂ 1 ಇರಲಿಲ್ಲ. ಡಬ್ಲ್ಯುಎಫ್‌ಎಫ್‌ಎಸ್ ಪರೀಕ್ಷೆಯಲ್ಲಿ ಹೆಣ್ಣು ವಾಹಕ ಎಂದು ತಿಳಿಯಿತು. ಪಿಎಲ್‌ಒಡಿ1 ಜೀನ್‌ನ ದೋಷವಿದು. ಒಂದೇ ಪ್ರತಿ ಇದ್ದರೆ ಕುದುರೆಗೆ ಏನೂ ಆಗದು, ಎರಡೂ ಕಡೆಯಿಂದ ಬಂದರೆ ಚರ್ಮ ಹರಿಯುವ, ಕೀಲು ಹಿಡಿತವಿಲ್ಲದ ಮರಿ ಹುಟ್ಟಿ ಸಾಯುತ್ತದೆ, ಇಲ್ಲವೇ ಗಬ್ಬ ಬಿದ್ದುಹೋಗುತ್ತದೆ. ವಾರ್ಮ್‌ಬ್ಲಡ್‌ಗಳಲ್ಲಿ ಹತ್ತರಲ್ಲಿ ಒಂದರಷ್ಟು ವಾಹಕಗಳಿವೆ. ವಾಹಕ ಹೆಣ್ಣಿಗೆ ವಾಹಕ ಗಂಡು ಕೂಡಿಸಿದರೆ ಪ್ರತಿ ಗಬ್ಬಕ್ಕೂ ನಾಲ್ಕರಲ್ಲೊಂದು ಅಪಾಯ. ದೋಷವಿಲ್ಲದ ಗಂಡಾದರೆ ಅಪಾಯ ಸೊನ್ನೆ, ಮರಿ ವಾಹಕವಾಗುವ ಸಾಧ್ಯತೆ ಮಾತ್ರ ಅರ್ಧ. ಇದಕ್ಕಾಗಿ ಹೆಣ್ಣನ್ನು ತಳಿಯಿಂದ ಹೊರಗಿಡುವ ಅಗತ್ಯವಿಲ್ಲ, ಗಂಡಿನ ಪರೀಕ್ಷಾ ಪತ್ರ ಕೈಗೆ ಬಂದಿರಬೇಕು ಅಷ್ಟೆ.

ನಾಲ್ಕು ಗಂಡು

ಮರಿ ನೋಂದಣಿಯಾಗಲಿರುವ ಸ್ಟಡ್‌ಬುಕ್ (ತಳಿಯ ಅಧಿಕೃತ ದಾಖಲೆ ಸಂಸ್ಥೆ) ಅನುಮೋದಿಸಿದ ಗಂಡುಗಳಷ್ಟೇ ಪಟ್ಟಿಗೆ ಬಂದವು. ಇದನ್ನು ಮರೆತು ಮರಿ ಹುಟ್ಟಿದ ಮೇಲೆ ಕಾಗದಕ್ಕೆ ಅಲೆಯುವವರಿದ್ದಾರೆ. ಕೊನೆಗೆ ಉಳಿದದ್ದು ನಾಲ್ಕು.

'ಕ' ಮಾಲೀಕರ ಮೆಚ್ಚಿನದು. 175 ಸೆಂ.ಮೀ., ಸ್ವತಃ 1.60 ಗೆದ್ದದ್ದು. ಆದರೆ ಅದರ ಅತಿ ಹಿರಿಯ ಮರಿಗಳಿಗೆ 5 ವರ್ಷ. ಶೋ ಜಂಪಿಂಗ್ ಕುದುರೆಯ ನಿಜವಾದ ಮಟ್ಟ ಗೊತ್ತಾಗುವುದು 8–9ನೇ ವರ್ಷಕ್ಕೆ. ಇನ್ನು, ಸ್ಪರ್ಧೆಯ ಫಲಿತಾಂಶದ ಆನುವಂಶಿಕತೆ (ಕುದುರೆಗಳ ನಡುವಿನ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು) ಕಡಿಮೆ, ಸಾಮಾನ್ಯವಾಗಿ 0.1ರಿಂದ 0.3ರ ನಡುವೆ. ಕುದುರೆ ತಾನು ಗೆದ್ದದ್ದರಲ್ಲಿ ಸವಾರ, ತರಬೇತಿ, ನೆಲ, ಅದೃಷ್ಟ ಎಲ್ಲ ಸೇರಿವೆ. ಕಾಣಸಿಕ್ಕ ಎಳೆಯ ಮರಿಗಳು ಭಾರದ ಮೈಯವು, ಮುಂಗಾಲು ನಿಧಾನ. ದೊಡ್ಡ ಗಂಡಿನಿಂದ ಚಿಕ್ಕ ಹೆಣ್ಣಿಗೆ ಈಯುವುದು ಕಷ್ಟವಾದೀತು ಎಂಬ ಭಯಕ್ಕೆ ಮಾತ್ರ ಇಲ್ಲಿ ಆಧಾರವಿಲ್ಲ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಪ್ರಕಟಿಸಿದ ಪ್ರಯೋಗದಲ್ಲಿ ದೈತ್ಯ ಶೈರ್ ಮತ್ತು ಕುಳ್ಳ ಶೆಟ್‌ಲ್ಯಾಂಡ್ ತಳಿಗಳನ್ನು ಎರಡೂ ದಿಕ್ಕಿನಲ್ಲಿ ಕೂಡಿಸಿದಾಗ, ಹುಟ್ಟುವ ಮರಿಯ ಗಾತ್ರ ತಾಯಿಯ ಗಾತ್ರವನ್ನೇ ಅನುಸರಿಸಿತು. 'ಕ' ಬಿಟ್ಟುಹೋದದ್ದು ಗಾತ್ರಕ್ಕಲ್ಲ, ಮರಿಗಳ ಸಾಕ್ಷ್ಯ ಸಾಲದ್ದಕ್ಕೆ.

'ಖ' ತೀರಿಕೊಂಡ ಕುದುರೆ, ನೂರಾರು ಬೆಳೆದ ಮರಿಗಳು, ಹಿಂಭಾಗದ ಕಸುವಿಗೆ ಹೆಸರುವಾಸಿ. ಕಾಗದದ ಮೇಲೆ ಇದೇ ಸರಿಯಾದ ಜೋಡಿ. ಸಿಗುವುದು ಹೆಪ್ಪುಗಟ್ಟಿಸಿದ ವೀರ್ಯ ಮಾತ್ರ. ಹೆಣ್ಣು ಐದು ವರ್ಷ ಚಿಕ್ಕದಾಗಿದ್ದು ಬಯಾಪ್ಸಿ ಸ್ವಚ್ಛವಿದ್ದಿದ್ದರೆ ನಾವು ಇದನ್ನೇ ಹೇಳುತ್ತಿದ್ದೆವು. ಅಂಡ ಹೊರತೆಗೆದು ಪ್ರಯೋಗಾಲಯದಲ್ಲಿ ಒಂದೊಂದೇ ವೀರ್ಯಾಣು ಚುಚ್ಚುವ ಇಕ್ಸಿ ವಿಧಾನದಲ್ಲಿ ವೀರ್ಯ ಬಹಳ ಕಡಿಮೆ ಸಾಕು, ಗಬ್ಬ ಹೊರುವುದೂ ಬೇರೆ ಹೆಣ್ಣು. ಮಾಲೀಕರು ಅಷ್ಟು ದೂರ ಹೋಗಲು ಒಪ್ಪಲಿಲ್ಲ.

'ಗ' ತುಂಬ ಎಚ್ಚರದ, ಬಿಸಿ ರಕ್ತದ ಗಂಡು. ಇದರ ತಳಿಮೌಲ್ಯ (ಮರಿಗಳಿಗೆ ಗುಣ ಇಳಿಸುವ ಶಕ್ತಿಯ ಅಂದಾಜು ಅಂಕಿ) ಎಲ್ಲಕ್ಕಿಂತ ಮೇಲಿತ್ತು. ಆದರೆ ಇದು ಹೆಣ್ಣಿನ ಪಡಿಯಚ್ಚು. ಅತಿ ಎಚ್ಚರದ ಎರಡನ್ನು ಕೂಡಿಸಿದರೆ ಒಂದು ಕೋಲು ತಗುಲಿದ್ದಕ್ಕೇ ಮುಂದಿನ ತಡೆಗೆ ಹಿಂಜರಿಯುವ ಮರಿ ಬರಬಹುದು. ನುರಿತ ಸವಾರನ ಕೈಯಲ್ಲಿ ಅದು ಚಿನ್ನ, ಹವ್ಯಾಸಿಯ ಕೈಯಲ್ಲಿ ದಿನದಿನದ ಹೆಣಗಾಟ. ಪರೀಕ್ಷಾ ಪತ್ರ ತರಿಸಿದಾಗ ಡಬ್ಲ್ಯುಎಫ್‌ಎಫ್‌ಎಸ್ ವಾಹಕ ಎಂದೂ ಗೊತ್ತಾಯಿತು. ಅಲ್ಲಿಗೆ ಮಾತು ಮುಗಿಯಿತು.

'ಘ' 14 ವರ್ಷದ್ದು, 168 ಸೆಂ.ಮೀ., ತಾನು ಜಿಗಿದದ್ದು 1.50ರವರೆಗೆ. ಹೆಸರು ಅಷ್ಟಾಗಿ ಇಲ್ಲ. ಮರಿಗಳಲ್ಲಿ 9 ವರ್ಷ ದಾಟಿದವು 60ರ ಆಸುಪಾಸು. ಶೈತ್ಯೀಕರಿಸಿದ ವೀರ್ಯ ವಾರಕ್ಕೆ ಮೂರು ದಿನ ಸಿಗುತ್ತದೆ. ಡಬ್ಲ್ಯುಎಫ್‌ಎಫ್‌ಎಸ್ ಇಲ್ಲ.

ಅಂಕಿಗಳನ್ನು ಓದಿದ ಬಗೆ

ಜರ್ಮನಿಯ ತಳಿಮೌಲ್ಯದ ಸರಾಸರಿ 100, ಪ್ರಮಾಣ ವಿಚಲನೆ 20. 140 ಇದ್ದರೆ ಆ ಕುದುರೆ ಮೇಲಿನ 2–3 ಶೇಕಡದಲ್ಲಿದೆ ಎಂದರ್ಥ. ಆದರೆ ಪಕ್ಕದಲ್ಲಿರುವ ವಿಶ್ವಾಸಾರ್ಹತೆಯ ಅಂಕಿ ನೋಡದೆ ಇದನ್ನು ಓದಬಾರದು. 'ಕ'ದ್ದು 143, ವಿಶ್ವಾಸಾರ್ಹತೆ 50ರ ಕೆಳಗೆ. ಅಂದರೆ ಹೆಚ್ಚಿನ ಭಾಗ ಅಪ್ಪ-ಅಮ್ಮನ ಮೇಲಿನ ಊಹೆ. 'ಘ'ದ್ದು 128, ವಿಶ್ವಾಸಾರ್ಹತೆ 80ರ ಮೇಲೆ. ಊಹೆಯ 143ಕ್ಕಿಂತ ಸಾಬೀತಾದ 128 ಈ ಮಾಲೀಕರಿಗೆ ಭದ್ರ. ಒಂದೇ ಮರಿ ಪಡೆಯುವವರು ಜೂಜಾಡಬಾರದು, ವರ್ಷಕ್ಕೆ ಇಪ್ಪತ್ತು ಮರಿ ಪಡೆಯುವ ಸ್ಟಡ್ ಆಡಬಹುದು.

ಗೆದ್ದ ಮರಿಗಳ ಎಣಿಕೆಯೂ ಹೀಗೇ ಮೋಸ ಮಾಡುತ್ತದೆ. 3,000 ಮರಿಗಳಲ್ಲಿ 30 ಮೇಲಿನ ಮಟ್ಟಕ್ಕೇರಿದರೆ ಅದು ನೂರಕ್ಕೆ ಒಂದು, ಆದರೆ ಜಾಹೀರಾತಿನಲ್ಲಿ ಆ 30 ಹೆಸರೂ ಕಾಣುತ್ತವೆ. 'ಘ'ದ 60ರಲ್ಲಿ 9 ಮರಿಗಳು 1.40 ಅಥವಾ ಮೇಲೆ ಜಿಗಿಯುತ್ತಿದ್ದವು. ಅವುಗಳಲ್ಲಿ ಐದರ ತಾಯಂದಿರು ಸಾಧಾರಣ ಹೆಣ್ಣುಗಳು. ಪ್ರಸಿದ್ಧ ಗಂಡಿಗೆ ಮೊದಲೇ ಆಯ್ದ ಹೆಣ್ಣುಗಳು ಹೋಗುತ್ತವೆ, ಹಾಗಾಗಿ ಸಾಧಾರಣ ತಾಯಂದಿರ ಮರಿಗಳು ಹೇಗಿವೆ ಎಂಬುದೇ ಗಂಡಿನ ನಿಜವಾದ ಪರೀಕ್ಷೆ.

ಈ 60ರಲ್ಲಿ 17ರ ವಿಡಿಯೋ ಸಿಕ್ಕಿತು. ಹಿಂದಕ್ಕೆ ಬಿಚ್ಚುವ ಹಿಂಗಾಲು 14ರಲ್ಲಿ ಸ್ಪಷ್ಟ. ದಾಪು ಉದ್ದ, ಆದರೂ ಸಮತೋಲದ್ದು. ದೌರ್ಬಲ್ಯವೂ ಅಷ್ಟೇ ಸ್ಪಷ್ಟವಾಗಿತ್ತು: ಮುಂಗಾಲಿನ ಮಂಡಿ ಸಾಧಾರಣ, ಕೆಲವದರಲ್ಲಿ ತುಸು ಕೆಳಗೆ. ಈ ಅಪಾಯವನ್ನು ಗೊತ್ತಿದ್ದೇ ಒಪ್ಪಿಕೊಳ್ಳಲಾಯಿತು. ತಾಯಿಯ ಕಡೆ, ಈ ಹೆಣ್ಣೂ ಸೇರಿ ಮೂರು ಒಡಹುಟ್ಟಿದವುಗಳಲ್ಲಿ ಮೂರಕ್ಕೂ ಮುಂಗಾಲು ಚುರುಕಾಗಿರುವಾಗ, ಸೋಲುವ ಸಂಭವ ಆ ಕಡೆ ಎಲ್ಲಕ್ಕಿಂತ ಕಡಿಮೆ.

ವಂಶಾವಳಿಯಲ್ಲಿ ಒಂದೇ ಪೂರ್ವಜ ಗಂಡಿನ ಕಡೆ ನಾಲ್ಕನೇ, ಹೆಣ್ಣಿನ ಕಡೆ ಐದನೇ ತಲೆಮಾರಿನಲ್ಲಿ ಕಂಡಿತು. ಅದರಿಂದ ಬರುವ ಒಳತಳಿ ಪ್ರಮಾಣ (ರಕ್ತಸಂಬಂಧಿಗಳ ಕೂಡಿಕೆಯ ಅಳತೆ) ಅರ್ಧದ ಎಂಟನೇ ಘಾತ, ಅಂದರೆ ಸುಮಾರು 0.4 ಶೇಕಡ. ಚಿಂತೆಯ ಮಟ್ಟವಲ್ಲ. ಅದೇ 'ಗ'ದಲ್ಲಿ ಎರಡು-ಮೂರನೇ ತಲೆಮಾರಿನಲ್ಲೇ ಒಂದು ಹೆಸರು ಮರುಕಳಿಸಿ 6.25 ಶೇಕಡ ಆಗುತ್ತಿತ್ತು. ಅದು ತಂದೆ ಅಥವಾ ತಾಯಿ ಮಾತ್ರ ಒಂದೇ ಆದ ಅಣ್ಣ-ತಂಗಿಯರ ಕೂಡಿಕೆಯ 12.5ರ ಅರ್ಧ.

ಕೊನೆಯದಾಗಿ 'ಘ'ವನ್ನು ನೇರವಾಗಿ ಹೋಗಿ ನೋಡಲಾಯಿತು. ಗಟ್ಟಿ ನೆಲದ ಮೇಲೆ ಎದುರಿನಿಂದ ನಡೆಸಿದಾಗ ಮುಂಗಾಲುಗಳು ನೇರ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಮುಂದಿನ ಫೋಟೋವನ್ನು ಯಾರೂ ಕ್ಯಾಟಲಾಗಿನಲ್ಲಿ ಹಾಕುವುದೂ ಇಲ್ಲ.

ಮೊದಲ ಬೆದೆ ವ್ಯರ್ಥ, ಎರಡನೆಯದರಲ್ಲಿ ಗಬ್ಬ

ಹೆಣ್ಣು ಋತುವಿನಲ್ಲಿ ಬೇಗ ಬೆದೆಗೆ ಬರಲೆಂದು ಚಳಿಗಾಲದಲ್ಲಿ 60–70 ದಿನ ಲಾಯದಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಡಲಾಯಿತು. 35 ಮಿ.ಮೀ. ದಾಟಿದ ಫಾಲಿಕಲ್ (ಅಂಡ ಬೆಳೆಯುವ ಚೀಲ), ಜೊತೆಗೆ ಗರ್ಭಕೋಶದ ಒಳಪದರದ ಊತ ಕಂಡ ದಿನ ಎಚ್‌ಸಿಜಿ ಹಾರ್ಮೋನ್ ಕೊಟ್ಟರೆ ಸುಮಾರು 36 ಗಂಟೆಗೆ ಅಂಡ ಹೊರಬೀಳುತ್ತದೆ. ವೀರ್ಯದ ಬೇಡಿಕೆ ಅದಕ್ಕೆ ಹೊಂದಿಸಿ ಹೋಗಬೇಕು.

ಮೊದಲ ಸಲ ಎರಡು ತಪ್ಪಾಯಿತು. ಸಾಗಣೆ ತಡವಾಗಿ ಪೆಟ್ಟಿಗೆ ಬಂದದ್ದು ಸಂಗ್ರಹಿಸಿದ 40 ಗಂಟೆಯ ಮೇಲೆ. ಸೂಕ್ಷ್ಮದರ್ಶಕದ ಕೆಳಗೆ ಮುಂದಕ್ಕೆ ಚಲಿಸುವ ವೀರ್ಯಾಣು 15 ಶೇಕಡದಷ್ಟೇ ಇದ್ದವು. 30ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸ್ಟ್ಯಾಲಿಯನ್ ಕೇಂದ್ರಕ್ಕೆ ಬರೆದು ತಿಳಿಸಬೇಕು, ಒಪ್ಪಂದದಲ್ಲಿ ಮರುಡೋಸ್ ಷರತ್ತು ಇರುವುದು ಇದಕ್ಕೇ. ಎರಡನೆಯ ತಪ್ಪು, ವೀರ್ಯ ಬಿಟ್ಟ ಮರುದಿನದವರೆಗೆ ಸ್ಕ್ಯಾನ್ ಮಾಡಲಿಲ್ಲ. ನೋಡುವಾಗ ಗರ್ಭಕೋಶದಲ್ಲಿ 3 ಸೆಂ.ಮೀ. ನೀರು ನಿಂತಿತ್ತು.

ಎರಡನೇ ಬೆದೆಯಲ್ಲಿ ಕ್ರಮ ಬದಲಾಯಿತು. ವೀರ್ಯ ಬಿಡುವಾಗಲೇ ಕೊರಳನ್ನು ಕೈಯಿಂದ ಮೆಲ್ಲಗೆ ಸಡಿಲಿಸಲಾಯಿತು. ಆರು ಗಂಟೆಯ ನಂತರ ಬಿಸಿ ಮಾಡಿದ ಲ್ಯಾಕ್ಟೇಟೆಡ್ ರಿಂಗರ್ಸ್ ಲವಣದ್ರಾವಣ ಒಂದೊಂದೇ ಲೀಟರಿನಂತೆ ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಲಾಯಿತು. ಆಮೇಲೆ ಗರ್ಭಕೋಶ ಹಿಂಡಿ ನೀರು ಹೊರದೂಡಲು ಆರು ಗಂಟೆಗೊಮ್ಮೆ 20 ಯೂನಿಟ್ ಆಕ್ಸಿಟೋಸಿನ್, ಒಂದು ದಿನ. ನಾಲ್ಕು ಗಂಟೆಗಿಂತ ಮೊದಲು ತೊಳೆಯಬಾರದು, ವೀರ್ಯಾಣು ಅಂಡನಾಳ ಸೇರಲು ಅಷ್ಟು ಹೊತ್ತು ಬೇಕು. 14ನೇ ದಿನದ ಸ್ಕ್ಯಾನ್‌ನಲ್ಲಿ ಒಂದೇ ಚೀಲ ಕಂಡಿತು. ಅವಳಿ ಇದ್ದಿದ್ದರೆ ಒಂದನ್ನು 16ನೇ ದಿನದೊಳಗೆ ಒತ್ತಿ ತೆಗೆಯಬೇಕಿತ್ತು. ಆ ಬಳಿಕ ಎರಡೂ ಹೆಚ್ಚಾಗಿ ಒಂದೇ ಕಡೆ ನೆಲೆಗೊಂಡುಬಿಡುತ್ತವೆ, ಬೇರ್ಪಡಿಸುವುದು ಕಷ್ಟ. 28ನೇ ದಿನ ಎದೆಬಡಿತ ಸಿಕ್ಕಿತು.

343ನೇ ದಿನ ಹೆಣ್ಣುಮರಿ ಹುಟ್ಟಿತು. ಒಂದು ಗಂಟೆಯೊಳಗೆ ಎದ್ದಿತು, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಿತು, ಮೂರು ಗಂಟೆಯೊಳಗೆ ತಾಯಿಯ ಮಾಸು ಪೂರ್ತಿ ಬಿತ್ತು. ಮಾರನೆಯ ದಿನದ ರಕ್ತದಲ್ಲಿ, ಗಿಣ್ಣುಹಾಲಿನಿಂದ ಬರುವ ರೋಗನಿರೋಧಕ ಐಜಿಜಿ ಲೀಟರಿಗೆ 8 ಗ್ರಾಂ ಮೇಲಿತ್ತು. ಡಬ್ಲ್ಯುಎಫ್‌ಎಫ್‌ಎಸ್ ಪರೀಕ್ಷೆಯಲ್ಲಿ ಮರಿ ವಾಹಕವೂ ಅಲ್ಲ.

ಆರನೇ ತಿಂಗಳಲ್ಲಿ ಹಾಲು ಬಿಡಿಸುವ ಹೊತ್ತಿಗೆ ಹೇಳಬಹುದಾದದ್ದು ಇಷ್ಟು: ಕ್ಯಾಂಟರ್‌ನಲ್ಲಿ ಹಿಂಗಾಲು ಮೈಕೆಳಗೆ ಚೆನ್ನಾಗಿ ಬರುತ್ತದೆ, ದಾಪು ತಾಯಿಯದಕ್ಕಿಂತ ಉದ್ದ. ಎರಡೂ ಮುಂಗಾಲು ನೇರ. ಸೊಂಟ ಇನ್ನೂ ತಾಯಿಯದೇ. ಮುಂಗಾಲಿನ ಮಡಿಕೆ ತಾಯಿಯಂತೆಯೋ ತಂದೆಯಂತೆಯೋ ಎನ್ನುವುದು ಮೂರನೇ ವರ್ಷದ ಸವಾರನಿಲ್ಲದ ಜಿಗಿತದಲ್ಲೇ ಗೊತ್ತಾಗಬೇಕು. ಅದಕ್ಕೂ ಮುಂಚೆ ಕೀಲುಗಳ ಎಕ್ಸ್‌ರೇ ಆಗಬೇಕು. ಅಷ್ಟು ಹೊತ್ತಿಗೆ ತಾಯಿಗೆ 16 ದಾಟಿರುತ್ತದೆ, ಬಯಾಪ್ಸಿ ಇನ್ನೂ ಕೆಳಗಿನ 2ಬಿ ವರ್ಗಕ್ಕೆ ಜಾರಿದ್ದರೂ ಜಾರಿರಬಹುದು. ಹಾಗಾಗಿ ಎರಡನೇ ಮರಿಗೆ ಆ ಉತ್ತರ ಕಾಯದೆ, ಬರುವ ಋತುವಿಗೇ 'ಘ'ದ ಎರಡು ಡೋಸ್ ಕಾದಿರಿಸಿ ಎಂದು ಮಾಲೀಕರಿಗೆ ಹೇಳಲಾಗಿದೆ.